ಟಿಲ್‌ಬರ್ಗ್‌ನಲ್ಲಿ ನಾಲ್ಕು ನಿಮಿಷ

1998ರ ಆಗಸ್ಟ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ, ನಾನು ಡಚ್ ನಾಡಿನ ಟಿಲ್‌ಬರ್ಗ್ ಊರಂಚಿನ ಸಣ್ಣ ಫುಟ್‌ಬಾಲ್ ಮೈದಾನದಲ್ಲಿ, ಗ್ರೀಕ್ ತಂಡದ ಬೆಂಚಿನ ಹಿಂದೆ ಕಬ್ಬಿಣದ ಕಂಬಿಗೆ ಒರಗಿ ನಿಂತಿದ್ದೆ. ಬೆಂಚಿಗೂ ನನಗೂ ನಡುವೆ ಐದು ಹೆಜ್ಜೆ. ಒಳ್ಳೆಯ ಬಿಸಿಲಿತ್ತು, ಕಣ್ಣಿಗೆ ಯಾವುದೂ ಅಡ್ಡವಿರಲಿಲ್ಲ.

ಆ ಬೆಳಿಗ್ಗೆ ಹತ್ತಕ್ಕೆ ನಾವು ಮೂವರು ನ್ಯೂವೆಗೈನ್‌ನಲ್ಲಿ ಟ್ರಾಮ್ ಹತ್ತಿ, ಉಟ್ರೆಕ್ಟ್‌ನಲ್ಲಿ ರೈಲು ಹಿಡಿದಿದ್ದೆವು. ಹೋಗಿಬರಲು ತಲೆಗೆ, ಆಗಿನ ಡಚ್ ಹಣದಲ್ಲಿ, ಮೂವತ್ತು ಗಿಲ್ಡರ್‌ಗೆ ತುಸು ಕಡಿಮೆ. ಜೊತೆಗಿದ್ದವರಲ್ಲಿ ಒಬ್ಬ ನನ್ನ ಆಫೀಸಿನ ಪ್ರಸನ್ನ, ಮೈಸೂರಿನವನು. ಇನ್ನೊಬ್ಬರು ನನ್ನ ಮನೆ ಮಾಲೀಕರಾದ ಯಾನಿಸ್. ಮೂವತ್ತು ವರ್ಷ ಹಿಂದೆ ಗ್ರೀಸ್‌ನಿಂದ ಇಲ್ಲಿನ ಕಾರ್ಖಾನೆಗೆ ದುಡಿಯಲು ಬಂದವರು. ಅವರ ಹುಟ್ಟೂರಿನ ತಂಡ ಅಂದು ಟಿಲ್‌ಬರ್ಗ್‌ನಲ್ಲಿ ಸ್ನೇಹಪಂದ್ಯ ಆಡುವುದಿತ್ತು.

ರೈಲಿನಲ್ಲಿ ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತ ಯಾನಿಸ್ ತಂಡದ ಕ್ಯಾಪ್ಟನ್ ಸ್ಟಾವ್ರೋಸ್‌ನ ಕಥೆ ಹೇಳಿದರು. ದೋಣಿಗೆ ಬಣ್ಣ ಬಳಿಯುವವನ ಮಗ. ಇಪ್ಪತ್ತೆರಡಕ್ಕೆ ಕ್ಯಾಪ್ಟನ್ ಆದವನು ಹದಿನಾಲ್ಕು ವರ್ಷವಾದರೂ ಅವನೇ. ದೊಡ್ಡ ತಂಡಗಳು ಕರೆದರೂ ಊರು ಬಿಡಲಿಲ್ಲ.

"ಮೂವತ್ತಾರು ಅಂದ್ರೆ ಪೆನ್ಷನ್ ವಯಸ್ಸು ಕಣೋ. ಓಡೋಕಾಗುತ್ತಾ ಅವನಿಗೆ?" ಅಂದ ಪ್ರಸನ್ನ.

ಯಾನಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಕ್ಕರು. "ಅವನ್ಯಾಕೆ ಓಡ್ಬೇಕು? ನಿಂತಲ್ಲಿಂದ ಬೈತಾನೆ, ಉಳಿದ ಹತ್ತು ಜನ ಓಡ್ತಾರೆ."

ಅವರೇ ಹೆಮ್ಮೆಯಿಂದ ಇನ್ನೊಂದು ಮಾತು ಹೇಳಿದರು. ಆ ತಂಡದಲ್ಲಿ ಕ್ಯಾಪ್ಟನ್ ತಾನಾಗಿ ಕೈ ಎತ್ತದೆ ಕೋಚ್ ಕೂಡ ಅವನನ್ನು ಹೊರಗೆ ಕರೆಯುವಂತಿಲ್ಲ. ಭುಜದ ಮೂಳೆ ಮುರಿದಾಗಲೂ ಸ್ಟಾವ್ರೋಸ್ ಕೈ ಎತ್ತಿರಲಿಲ್ಲವಂತೆ.

ಮೂರೂ ಇಪ್ಪತ್ತಕ್ಕೆ, ಮೇಲೆ ಬಂದ ಚೆಂಡಿಗಾಗಿ ಹಾರಿದಾಗ ಅವನ ತಲೆ ಒಬ್ಬ ಡಚ್ ಆಟಗಾರನ ತಲೆಗೆ ಬಡಿಯಿತು. ಸದ್ದು ನಮಗೂ ಕೇಳಿಸಿತು. ಇಬ್ಬರೂ ಎದ್ದರು. ಸ್ಟಾವ್ರೋಸ್ ಎದುರಾಳಿಯ ಬೆನ್ನು ತಟ್ಟಿದ. ಜನ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ.

ಆಮೇಲೆ ಅವನು ನಡೆದುಹೋಗಿ ಡಚ್ಚರ ಗೋಲಿನ ಮುಂದೆ ನಿಂತ. ತನ್ನ ತಂಡದವರೆಂಬಂತೆ ಡಚ್ ಆಟಗಾರರಿಗೆ ಕೈತೋರಿಸಿ ಹಿಂದೆ ಸರಿಯಲು ಹೇಳತೊಡಗಿದ.

"ಲೋ, ಇವನ ಗೋಲು ಈ ಕಡೆ ಅಲ್ವೇನೋ?" ಅಂದ ಪ್ರಸನ್ನ.

ಕೆಲವರು ನಕ್ಕರು. ಕೋಚ್ ನಗಲಿಲ್ಲ. ಬದಲಿ ಆಟಗಾರನನ್ನು ಗೆರೆಯ ಬಳಿ ನಿಲ್ಲಿಸಿದ. ತಂಡದ ವೈದ್ಯ ಪೆಟ್ಟಿಗೆ ಹಿಡಿದು ಎದ್ದು ನಿಂತ. ಮೂವರೂ ಸ್ಟಾವ್ರೋಸ್‌ನ ಬಲಗೈಯನ್ನೇ ನೋಡುತ್ತಿದ್ದರು. ಅವನು ತಮಗೆ ಬೆನ್ನು ಮಾಡಿ ನಿಂತಿದ್ದರೂ ಯಾರೂ ಗೆರೆ ದಾಟಲಿಲ್ಲ. ಗಡಿಯಾರ ನೋಡಿಕೊಂಡೆ. ನಾಲ್ಕು ನಿಮಿಷ. ನಾನೂ ಏನೂ ಮಾಡಲಿಲ್ಲ.

ಯಾನಿಸ್ ಕಂಬಿಯ ಕೆಳಗೆ ನುಸುಳಿ ಕೋಚ್‌ಗೆ ಏನೋ ಕೂಗಿದರು. ಕೋಚ್ ಆಗದೆಂದು ತಲೆಯಾಡಿಸಿದ. "ಕೈ ಎತ್ತಿಲ್ಲ" ಅಂದನಂತೆ. ಅರವತ್ತು ದಾಟಿದ, ಕೋಟು ತೊಟ್ಟ ಯಾನಿಸ್ ಆಟದ ನಡುವೆಯೇ ಮೈದಾನದ ಆ ತುದಿಗೆ ನಡೆದರು. ರೆಫರಿ ಸೀಟಿ ಊದುತ್ತಲೇ ಇದ್ದ. ಯಾನಿಸ್ ಸ್ಟಾವ್ರೋಸ್‌ನ ಮಣಿಕಟ್ಟು ಹಿಡಿದು, ಅವನ ಕೈಯನ್ನು ತಾವೇ ಮೇಲೆತ್ತಿದರು.

ಆಗ ವೈದ್ಯ ಓಡಿದ. ಅವನು ತಲುಪುವ ಮೊದಲೇ ಸ್ಟಾವ್ರೋಸ್ ಕುಸಿದು ಯಾನಿಸ್‌ರ ಮೇಲೆ ಬಿದ್ದ.

ಆಸ್ಪತ್ರೆಯಲ್ಲಿ, ತಲೆಬುರುಡೆಯೊಳಗೆ ರಕ್ತ ಸೋರಿದೆ, ಕೂಡಲೇ ಆಪರೇಷನ್ ಮಾಡಬೇಕು ಅಂದರು. ಕಾರಿಡಾರಿನ ಕುರ್ಚಿಯಲ್ಲಿ ಯಾನಿಸ್ ನನ್ನತ್ತ ತಿರುಗಲಿಲ್ಲ. "ಆ ಕೈ ವಿಷಯ ರೈಲಲ್ಲಿ ಎಷ್ಟು ಜಂಬದಿಂದ ಹೇಳ್ದೆ ನಾನು" ಅಂದರು.

"ನೀವು ಹೋಗದಿದ್ರೆ ಇನ್ಯಾರೂ ಹೋಗ್ತಿರಲಿಲ್ಲ" ಅಂದೆ.

"ನಾಲ್ಕು ನಿಮಿಷ ನಾನೂ ಕಾದೆನಲ್ಲಪ್ಪ."

ಆಪರೇಷನ್ ಮುಗಿದು, ಜೀವಕ್ಕೆ ಅಪಾಯವಿಲ್ಲ ಎಂದು ತಿಳಿದ ಮೇಲೆ ಏಳೂವರೆಯ ರೈಲು ಹಿಡಿದೆವು. ಸ್ಟಾವ್ರೋಸ್ ಮತ್ತೆ ಆಡಲಿಲ್ಲ. ಊರಿನಲ್ಲಿ ಅಪ್ಪನ ಜೊತೆ ದೋಣಿಗೆ ಬಣ್ಣ ಬಳಿಯುತ್ತಾನೆಂದು ಮುಂದಿನ ವರ್ಷ ಯಾನಿಸ್‌ಗೆ ಕಾಗದ ಬಂತು.

ಯಾನಿಸ್ ಈಗಿಲ್ಲ. ಕೋಚ್ ಮತ್ತು ವೈದ್ಯರ ಸುದ್ದಿ ನನಗೆ ಗೊತ್ತಿಲ್ಲ. ಆ ಕಂಬಿಯ ಬಳಿ ನಿಂತು ಕಂಡವರಲ್ಲಿ ನಾನಿದ್ದೇನೆ, ಮೈಸೂರಿನಲ್ಲಿ ಪ್ರಸನ್ನ ಇದ್ದಾನೆ. ಸ್ಟಾವ್ರೋಸ್ ಕೂಡ ಬದುಕಿದ್ದಾನೆ. ಆದರೆ ಆ ಮಧ್ಯಾಹ್ನದ ಒಂದು ಕ್ಷಣವೂ ಅವನಿಗೆ ನೆನಪಿಲ್ಲವಂತೆ, ಹಾಗಾಗಿ ಕಂಡವರ ಸಾಲಿನಲ್ಲಿ ಅವನ ಹೆಸರು ಬರೆಯುತ್ತಿಲ್ಲ.