ನಾನೇ ಅಳಿಸಿಹಾಕಿಸಿದ ಪುಟ

ಮೊದಲು ಬಂದದ್ದು ಬಾಯಿ ಉರಿ.

ಚಿಕ್ಕನಾಯಕನಹಳ್ಳಿಯಿಂದ ತಂಗಿ ಗಿರಿಜ ಫೋನ್ ಮಾಡಿದ್ದಳು. ಮದುವೆಯಾಗಿ ಐದು ತಿಂಗಳಾಗಿತ್ತು. ನಾಲಿಗೆ ಊದಿಕೊಂಡವರ ಹಾಗೆ ಮಾತು ತೊದಲುತ್ತಿತ್ತು.

"ಬಾಯೆಲ್ಲ ಸುಟ್ಟಂಗಾಗೈತೆ ಕಣಕ್ಕ. ನೀರು ಕುಡಿಯಕ್ಕೂ ಆಗ್ತಿಲ್ಲ. ಕಣ್ಣೂ ಕೆಂಪಗಾಗವೆ."

"ಬಿಸೀದೇನಾದ್ರೂ ತಿಂದ್ಯಾ?"

"ಇಲ್ಲ. ಜ್ವರ ಅಷ್ಟೆ. ಹೋದ ವಾರ ಮತ್ತೆ ಫಿಟ್ಸ್ ಬಂತು. ನಿಮಗೆಲ್ಲ ಗಾಬರಿ ಯಾಕೆ ಅಂತ ಹೇಳ್ಲಿಲ್ಲ. ತಿಪಟೂರಿಗೇ ಬಂದು ತೋರಿಸ್ಕಂಡು ಹೋದ್ವಿ. ಮಾತ್ರೆ ಕೊಟ್ಟವ್ರೆ."

"ಮಾತ್ರೆ ಹಾಳೆ ನೋಡಿ ಹೆಸರು ಓದು."

ಅವಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿದಳು. ನಾಲ್ಕು ಅಕ್ಷರ ಮುಗಿಯುವುದರೊಳಗೆ ನನಗೆ ಗೊತ್ತಾಯಿತು. ಕಾರ್ಬಮಜೆಪೀನ್.

ಮೂರು ವರ್ಷದ ಹಿಂದೆ ಇದೇ ಮಾತ್ರೆ, ತಿಪಟೂರಿನ ಇದೇ ನರ್ಸಿಂಗ್ ಹೋಮಿನಲ್ಲಿ. ಆಗಲೂ ಗಿರಿಜಳಿಗೆ ಫಿಟ್ಸ್. ಎರಡು ವಾರಕ್ಕೆ ಮೈಮೇಲೆ ಕೆಂಪು ಗಂಧೆ ಎದ್ದವು. ಅಲ್ಲಿದ್ದ ವಯಸ್ಸಾದ ಡಾಕ್ಟರು ನೋಡಿದವರೇ ನಿಲ್ಲಿಸಿದರು. "ಎಲ್ರಿಗೂ ಒಗ್ಗೋ ಮಾತ್ರೆನೇ ಇದು. ಈ ಹುಡುಗಿ ಮೈ ಬೇರೆ. ಇವಳಿಗೆ ಇದು ವಿಷ ಅಂತ ತಿಳ್ಕೊಳ್ಳಿ," ಎಂದರು. ಹೊಸದಾಗಿ ಬಂದಿದ್ದ ಕಂಪ್ಯೂಟರಿನಲ್ಲಿ ಅವಳ ಪುಟಕ್ಕೆ ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದರು. ಬೇರೆ ಮಾತ್ರೆ ಕೊಟ್ಟರು. ಎರಡು ವರ್ಷ ನುಂಗಿದಳು. ಫಿಟ್ಸ್ ನಿಂತಿತು, ಮಾತ್ರೆಯೂ ನಿಂತಿತು.

ಆಮೇಲೆ ಸಂಬಂಧ ಬಂತು. ನಮ್ಮ ಕಡೆ ಹೆಣ್ಣು ಒಪ್ಪುವ ಮುಂಚೆ ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತಾರೆ. ಹುಡುಗನ ಸೋದರಮಾವನ ಮೆಡಿಕಲ್ ಸ್ಟೋರ್ ಆ ನರ್ಸಿಂಗ್ ಹೋಮಿನ ಎದುರಿಗೇ ಇತ್ತು. ನರ್ಸಿಂಗ್ ಹೋಮಿನ ಕೌಂಟರಿನ ಕಂಪ್ಯೂಟರು ಬೀದಿಯ ಕಡೆ ಮುಖ ಮಾಡಿಕೊಂಡಿತ್ತು. ಸ್ವಲ್ಪ ಬಗ್ಗಿದರೆ ಯಾರ ಕಾಯಿಲೆಯನ್ನು ಯಾರು ಬೇಕಾದರೂ ಓದಬಹುದು.

"ಆವಯ್ಯ ದಿನಾ ಅಲ್ಲೇ ನಿಂತು ಟೀ ಕುಡೀತಾನೆ," ಎಂದರು ಅಮ್ಮ. "ಅವನ ಕಣ್ಣಿಗೆ ಬೀಳದೆ ಇರ್ತದಾ? ನೀನು ಕಂಪ್ಯೂಟರ್ ಕಲ್ಸೋಳು. ಏನಾದ್ರೂ ಮಾಡವ್ವ."

ಬಿ.ಎಸ್ಸಿ. ಮುಗಿಸಿ ನಾನು ತಿಪಟೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ನರ್ಸಿಂಗ್ ಹೋಮಿನ ಕೌಂಟರಿನಲ್ಲಿದ್ದ ಶಬಾನ ನನ್ನ ಹತ್ತಿರವೇ ಕಲಿತವಳು.

"ಫಿಟ್ಸ್ ಅನ್ನೋದೊಂದನ್ನೇ ತೆಗಿಯಕ್ಕೆ ಬರಲ್ಲ ಮಿಸ್," ಎಂದಳು. "ತೆಗದ್ರೆ ಪೂರ್ತಿ ಪುಟ ಹೋಗ್ತದೆ. ಡಾಕ್ಟ್ರನ್ನ ಕೇಳ್ಬೇಕೇನೋ."

"ನಮ್ಮ ಹುಡುಗಿ ವಿಷಯ. ನಾನೇ ಹೇಳ್ತಿದೀನಲ್ಲ, ತೆಗಿಯಮ್ಮ."

ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಅವಳು ಕೀಲಿ ಒತ್ತಿದಳು. ಮನೆಯಲ್ಲಿದ್ದ ಚೀಟಿಗಳನ್ನು ಅಮ್ಮ ತೆಂಗಿನ ಮಟ್ಟೆಯ ಜೊತೆ ಬಚ್ಚಲ ಒಲೆಗೆ ಹಾಕಿದರು. ವಯಸ್ಸಾದ ಡಾಕ್ಟರು ಮಗಳ ಊರಿಗೆ ಹೋಗಿಬಿಟ್ಟಿದ್ದರು. ಗಿರಿಜಳಿಗೆ ಆ ಮಾತ್ರೆಯ ಹೆಸರು ಗೊತ್ತಿರಲಿಲ್ಲ. ಮಾತ್ರೆ ತರುವುದು, ಎಣಿಸಿ ಕೊಡುವುದು ಎಲ್ಲ ನಾವೇ ಮಾಡುತ್ತಿದ್ದೆವು.

ಹೋದ ವಾರ ಗಿರಿಜ ಹೋದಾಗ ಅಲ್ಲಿದ್ದ ಹೊಸ ಡಾಕ್ಟರು ಕಂಪ್ಯೂಟರಿನಲ್ಲಿ ಹುಡುಕಿಸಿದರಂತೆ. ಏನೂ ಇರಲಿಲ್ಲ. "ಹಿಂದೆ ಯಾವುದಾದರೂ ಮಾತ್ರೆ ಒಗ್ಗದೆ ಇದ್ದದ್ದು ಉಂಟಾ?" ಎಂದು ಕೇಳಿಯೂ ಕೇಳಿದರಂತೆ. ಪಕ್ಕದಲ್ಲಿ ಅತ್ತೆ ಇದ್ದರು. ಆ ವಿಷಯ ಬಾಯಿ ಬಿಡಬೇಡ ಎಂದು ಅಮ್ಮ ಹೇಳಿ ಕಳಿಸಿದ್ದರು.

"ಇಲ್ಲ," ಎಂದಳಂತೆ.

ಆ ಮಾತ್ರೆ ಇನ್ನು ಮುಟ್ಟಬೇಡ ಎಂದಷ್ಟೇ ಫೋನಿನಲ್ಲಿ ಹೇಳಿದೆ. ಬೆಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಖದ ಮೇಲೆಲ್ಲ ನೀರುಗುಳ್ಳೆ. ಬರ್ನ್ಸ್ ವಾರ್ಡಿಗೆ ಹಾಕಿದರು. ಬೆಂಕಿಯೇ ಇಲ್ಲದೆ ಸುಟ್ಟ ಮೈ. ನರ್ಸ್ ಬೆನ್ನಿನ ಕೆಳಗಿನ ಬಟ್ಟೆ ಎಳೆದರು.

ಬಟ್ಟೆಯ ಜೊತೆ ಚರ್ಮವೂ ಬಂತು.

"ಡ್ರಗ್ ಅಲರ್ಜಿ ಹಿಸ್ಟರಿ ಇದೆಯಾ?" ಡಾಕ್ಟರು ಕೇಳಿದರು. ಗಿರಿಜಳ ಗಂಡ ಮಹೇಶ "ಇಲ್ಲ ಸರ್," ಎಂದ.

"ಇದೆ," ಎಂದೆ.

ಅವನು ತಿರುಗಿ ನನ್ನನ್ನು ನೋಡಿದ. ಆ ನೋಟ ಈಗಲೂ ನನ್ನ ಮುಂದೆ ಬರುತ್ತದೆ. ಅಡುಗೆ ಮಾಡುವಾಗ, ಪಾಠದ ನಡುವೆ.

ಹನ್ನೊಂದು ದಿನ ಐಸಿಯು. ದಿನವೂ ಗಾಜಿನ ಕಡ್ಡಿಯಿಂದ ರೆಪ್ಪೆ ಬಿಡಿಸುತ್ತಿದ್ದರು, ಅಂಟಿಕೊಳ್ಳಬಾರದೆಂದು. ಅವಳು ಕೂಗಲಿಲ್ಲ. ಗಂಟಲಿನಲ್ಲೂ ಹುಣ್ಣಿತ್ತು. ಒಂದು ದಿನ ಕಾರಿಡಾರಿನಲ್ಲಿ ಮಹೇಶ ನನ್ನ ಪಕ್ಕ ಬಂದು ಕೂತ.

"ಫಿಟ್ಸ್ ಅಂತ ಗೊತ್ತಾಗಿದ್ರೆ ನಮ್ಮನೇರು ಬ್ಯಾಡ ಅಂತಿದ್ರೇನೋ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮಾತ್ರೆ ವಿಷಯ, ಮದುವೆ ಆದ್ಮ್ಯಾಲಾದ್ರೂ ನಂಗೊಂದು ಮಾತು ಹೇಳ್ಬೋದಿತ್ತಲ್ಲಕ್ಕ."

ನಾನು ಎದ್ದು ಡಾಕ್ಟರ ಕೋಣೆಗೆ ಹೋದೆ.

ಅವರಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. "ಯಾರ ಮೈಗೆ ಯಾವ ಔಷಧಿ ಅಂತ ರಕ್ತ ನೋಡೇ ಹೇಳೋ ಕಾಲ ಬರ್ತಿದೆ. ಅದೆಲ್ಲ ಕಂಪ್ಯೂಟರಿನಲ್ಲೇ ಇರುತ್ತೆ. ಆದ್ರೆ ಹೆದರಿ ಅಳಿಸೋ ಹಾಗಿದ್ರೆ ಅಲ್ಲಿ ಏನು ಉಳಿಯುತ್ತೆ?" ಎಂದು ಎದ್ದು ಹೋದರು.

ಅದನ್ನೇ ಯೋಚಿಸುತ್ತಿದ್ದೇನೆ. ಕಂಪ್ಯೂಟರ್ ತಂದವರು ಅದಕ್ಕೆ ಮೇಜು ಮಾಡಿಸಿದರು, ಧೂಳು ಕೂರದಂತೆ ಹೊದಿಕೆ ಹೊಲಿಸಿದರು. ಯಾರು ನೋಡಬಹುದು, ಯಾರು ತಿದ್ದಬಹುದು, ಯಾವುದನ್ನು ಯಾರು ಕೇಳಿದರೂ ಅಳಿಸಕೂಡದು ಎಂದು ಒಂದು ಹಾಳೆಯಲ್ಲಾದರೂ ನಿಯಮ ಬರೆದಿಡಲಿಲ್ಲ. ಕಾಯಿಲೆಯ ಹೆಸರಿಗೆ ಬೀಗ ಹಾಕಿ, ಒಗ್ಗದ ಮಾತ್ರೆಯ ಹೆಸರನ್ನು ಎಲ್ಲ ಡಾಕ್ಟರಿಗೂ ಕಾಣುವಂತೆ ಇಡಬಹುದಿತ್ತು. ಡಾಕ್ಟರ ಹೊರತು ಬೇರೆಯವರು ಓದುವುದಿಲ್ಲ ಎಂಬ ನಂಬಿಕೆ ಇದ್ದಿದ್ದರೆ ನಾನು ಆ ಕೌಂಟರಿಗೆ ಹೋಗುತ್ತಿರಲಿಲ್ಲ. ಹೀಗೆ ಹೇಳಿಕೊಳ್ಳುತ್ತೇನೆ. ಆದರೆ ಹೋಗುವ ಮುಂಚೆ ನಾನು ಗಿರಿಜಳನ್ನೂ ಕೇಳಿರಲಿಲ್ಲ. ಮೈ ಅವಳದು. ಓದಿದವಳು ನಾನು ಎಂಬ ಧೈರ್ಯ ನನ್ನದು.

ಅವಳು ಬದುಕಿದಳು. ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದೆ.

ಡಿಸ್ಚಾರ್ಜ್ ದಿನ ಕ್ಲರ್ಕ್ ಒಂದು ಫಾರಂ ತಂದರು. ವಿವರಗಳನ್ನು ಕಂಪ್ಯೂಟರಿನಲ್ಲಿ ಇಡಬಹುದೇ, ಬೇರೆ ಆಸ್ಪತ್ರೆಯವರಿಗೆ, ಮನೆಯವರಿಗೆ ಕೊಡಬಹುದೇ ಎಂದು ಅದರಲ್ಲಿತ್ತು. ನಾನು ಪೆನ್ನಿಗೆ ಕೈ ಚಾಚಿದೆ.

"ಅಕ್ಕ, ಓದಿ ಹೇಳು. ಸಹಿ ನಾನು ಹಾಕ್ತೀನಿ," ಎಂದಳು ಕಪ್ಪು ಕನ್ನಡಕದ ಹಿಂದಿನಿಂದ.

ಎರಡು ಸಲ ಓದಿದೆ. ಹೊಸ ಚರ್ಮದ ಎಳೆಗೆಂಪು ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಮಾತ್ರೆ ಹೆಸರು ಯಾವ ಡಾಕ್ಟ್ರಿಗೆ ಬೇಕಾದ್ರೂ ಕೊಡ್ಲಿ. ಮಿಕ್ಕಿದ್ದು ನನ್ನ ಕೇಳಿ ಕೊಡ್ಲಿ. ಅತ್ತೆ ಕೇಳುದ್ರೂ ಅಷ್ಟೆ, ಇವ್ರು ಕೇಳುದ್ರೂ ಅಷ್ಟೆ." ನನ್ನ ಕಡೆ ತಿರುಗಿದಳು. "ನೀನು ಕೇಳುದ್ರೂ ಅಷ್ಟೆ ಕಣಕ್ಕ."

ಸರಿ ಎಂದೆ. ಕ್ಲರ್ಕ್ ಹಾಗೆಯೇ ಬರೆದುಕೊಂಡರು. ಸಹಿ ಹಾಕಬೇಕಾದ ಜಾಗ ತೋರಿಸಿ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.