ಫ್ಲಾಪಿಗೆ ಹಚ್ಚಿದ ಟಿಕ್ಲಿ

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ, ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆ. ಗಾಜಿನ ಬಾಗಿಲು ಹಾಕಿದ ಪುಟ್ಟ ಕೋಣೆಯಲ್ಲಿ ಅಂದು ಬೆಳಿಗ್ಗೆ ನಾವು ಮೂವರಿದ್ದೆವು. ಸ್ಟೂಲಿನ ಮೇಲೆ ಧಣಿಗಳು. ಉಡುಪಿ ಕಡೆಯವರು, ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಸಿ ಕೊಡುವ ಕಾರ್ಖಾನೆಯ ಯಜಮಾನರು. ಕುರ್ಚಿಯಲ್ಲಿ ಅವರ ಟೈಪಿಸ್ಟ್ ಹುಡುಗಿ, ಭಾಂಡುಪಿನಿಂದ ದಿನಾ ಲೋಕಲ್ ಹಿಡಿದು ಬರುವವಳು. ಅವಳ ಬೆನ್ನ ಹಿಂದೆ ಚೀಲ ಹಿಡಿದು ನಿಂತವನು ನಾನು, ಕಂಪ್ಯೂಟರ್ ನೋಡಿಕೊಳ್ಳುವವನು. ಮೂವರೂ ಬರಿಗಾಲಲ್ಲಿದ್ದೆವು. ಕಂಪ್ಯೂಟರ್ ಇರುವ ಕೋಣೆಗೆ ಆಗ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿರಲಿಲ್ಲ. ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ.

ಮೂವರ ಕಣ್ಣೂ ಪರದೆಯ ಮೇಲಿತ್ತು. ಮಕ್ಕಳ ಎದೆ, ಸೊಂಟ, ತೋಳಿನ ಅಳತೆಗಳು ಸಾಲಾಗಿ ಕೂತಿದ್ದ ಆ ಪರದೆಯಲ್ಲಿ ಒಂದು ಸಣ್ಣ ಚುಕ್ಕೆ ಪುಟಿಯುತ್ತಿತ್ತು. ಎಡದ ಅಂಚಿಗೆ ಬಡಿದು ಬಲಕ್ಕೆ, ಕೆಳಗೆ ಬಡಿದು ಮೇಲಕ್ಕೆ. ನಿಲ್ಲುವ ಲಕ್ಷಣವೇ ಇರಲಿಲ್ಲ.

ಧಣಿಗಳು ಬಹಳ ಹೊತ್ತು ಚುಕ್ಕೆಯನ್ನು ನೋಡಿದರು. ಆಮೇಲೆ ಹುಡುಗಿಯ ಹಣೆಯನ್ನು ನೋಡಿದರು. ಅಲ್ಲಿ ಹೆಚ್ಚು ಕಡಿಮೆ ಅದೇ ಗಾತ್ರದ ಕೆಂಪು ಮಖಮಲ್ಲಿನ ಟಿಕ್ಲಿ.

"ಇದು ಇವಳದ್ದೇ ಅಲ್ವಾ ಇಂಜಿನಿಯರ್ರೆ?" ಅಂದರು. "ಫ್ಲಾಪಿಗೆಲ್ಲ ಹಚ್ಚಿ ಹಚ್ಚಿ ಇಡ್ತಿದ್ದಳು. ಒಂದು ಒಳಗೆ ಹೋಗಿ ಕೂತಿದೆ, ನೋಡಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ನಗಲಿಲ್ಲ. ಕಾರಣ ಬೇರೆಯಾದರೂ ನನ್ನ ಅನುಮಾನವೂ ಆ ಹುಡುಗಿಯ ಮೇಲೆಯೇ ಇತ್ತು.

ತೊಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ವಿಲೆ ಪಾರ್ಲೆಯಲ್ಲಿ ಎರಡು ಕೋಣೆಯ ನಮ್ಮ ಕಂಪನಿ. ಬೆಂಗಳೂರಿನವರಾದ ನಮ್ಮ ಯಜಮಾನರಿಗೆ ಒಂದು ಹುಚ್ಚು ಹಿಡಿದಿತ್ತು: ಮಿಷನ್ ಕೆಟ್ಟ ಮೇಲೆ ಫೋನ್ ಬರಲಿ ಎಂದು ಕಾಯಬಾರದು, ಕೆಡುವ ಮುಂಚೆಯೇ ಹೋಗಿ ನೋಡಬೇಕು. ಹಾಗಾಗಿ ಪ್ರತಿ ತಿಂಗಳೂ ನಾನು ಯಾರೂ ಕರೆಯದ ಆಫೀಸುಗಳಿಗೆ ಹೋಗಿ ಧೂಳು ಒರೆಸಿ, ತಂತಿ ಅಲುಗಿಸಿ ನೋಡಿ, ನನ್ನ ತಪಾಸಣೆಯ ಫ್ಲಾಪಿ ಹಾಕಿ ಪರೀಕ್ಷೆ ಮಾಡಿ ಬರುತ್ತಿದ್ದೆ. ಇಂಥವನನ್ನು ನಮ್ಮಜ್ಜಿ ಕಂಡಿದ್ದರೆ 'ಕರೆಯದೆ ಬಂದ ಕಂಪೌಂಡರ್' ಅನ್ನುತ್ತಿದ್ದಳು. ಅಂಗಡಿಯವರೂ ಬೇರೆ ಭಾಷೆಗಳಲ್ಲಿ ಅದನ್ನೇ ಅಂದರು. ಕಾಗದದ ವ್ಯಾಪಾರಿಯೊಬ್ಬರು ನಾನು ಬಿಚ್ಚಿದ ಸ್ಕ್ರೂಗಳನ್ನು ಎಣಿಸಿ ಬಟ್ಟಲಿಗೆ ಹಾಕಿಸಿ, ಮತ್ತೆ ಹಾಕುವಾಗ ಇನ್ನೊಮ್ಮೆ ಎಣಿಸುತ್ತಿದ್ದರು. ಇನ್ನೊಬ್ಬರು ನನ್ನ ಚೀಲವನ್ನು ವಾಚ್‌ಮನ್ ಹತ್ತಿರ ಇಡಿಸುತ್ತಿದ್ದರು. ಒಳಗಿದ್ದದ್ದು ನನ್ನ ಮೊಸರನ್ನದ ಡಬ್ಬಿ.

ನಮ್ಮ ಈ ಧಣಿಗಳದ್ದೂ ಅದೇ ಜಾತಿಯ ಅನುಮಾನ, ಇನ್ನೂ ಸ್ವಲ್ಪ ಗಟ್ಟಿ. ಹೋಟೆಲ್ ಹುಡುಗರಿಗೆ ಅಂಗಿ ಚಡ್ಡಿ ಹೊಲಿಸುವುದರಿಂದ ಶುರುಮಾಡಿ ಹನ್ನೆರಡು ಶಾಲೆ ಹಿಡಿದ ಮನುಷ್ಯ. ಮೊದಲ ದಿನವೇ ನನ್ನನ್ನು ಬಾಗಿಲಲ್ಲಿ ತಡೆದು ಕೇಳಿದ್ದರು.

"ಮಿಷನ್ ಸರಿ ಉಂಟು. ನೀವು ಎಂತಕ್ಕೆ ಬಂದದ್ದು?"

"ಸರಿ ಇದೆಯಾ ಅಂತ ನೋಡೋಕೆ."

"ಸರಿ ಉಂಟು ಅಂತ ನಾನೇ ಹೇಳಿದೆನಲ್ಲ. ಸರಿ ಇದ್ದದ್ದನ್ನು ಬಿಚ್ಚಿ ನೋಡಿದರೆ ಸರಿ ಇರ್ತದಾ ಮಾರಾಯ್ರೆ?"

ಒಂದು ಶಾಲೆಗೆ ಒಂದು ಫ್ಲಾಪಿ, ಅದರಲ್ಲಿ ಪ್ರತಿ ಮಗುವಿನ ಅಳತೆ. ಒಂದೊಂದು ನಕಲು ಮಾಡಿ ಬೇರೆ ಕಡೆ ಇಡಿ ಎಂದು ನಾನು ಹೇಳಿದರೆ ಅವರು ಕಣ್ಣು ಸಣ್ಣ ಮಾಡಿದರು. ನಕಲು ಎದುರು ಅಂಗಡಿಯವನ ಕೈಗೆ ಹೋದರೆ? ಅಷ್ಟೂ ಶಾಲೆ ಅವನ ಪಾಲು. ನಕಲು ಆಗಲೇ ಇಲ್ಲ.

ಇನ್ನು ಆ ಹುಡುಗಿ. ಅವಳ ಮನೆಯವರು ಕಲಬುರಗಿ ಕಡೆಯಿಂದ ಬಂದವರು. ಅವಳು ಹುಟ್ಟಿ ಬೆಳೆದದ್ದು ಭಾಂಡುಪಿನ ಚಾಳಿನಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಆಡುವಾಗ ಅರ್ಧ ದಾರಿಯಲ್ಲಿ ಹಿಂದಿ ಬಂದು ಕೈಹಿಡಿಯುತ್ತಿತ್ತು. ಅಪ್ಪನ ಫ್ಯಾಕ್ಟರಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಮನೆಯಲ್ಲಿ ಬೆಳಿಗ್ಗೆ ಕೆಲಸಕ್ಕೆಂದು ಹೊರಡುತ್ತಿದ್ದವಳು ಅವಳೊಬ್ಬಳೇ. ಆ ಕುರ್ಚಿ ಹೋದರೆ ಮನೆಯೇ ಕೂತಲ್ಲಿ ಕೂರಬೇಕಾಗಿತ್ತು. ಇದು ಧಣಿಗಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈಗಿನವರಿಗೆ ಫ್ಲಾಪಿ ಎಂದರೆ ಏನೆಂದು ಹೇಳಬೇಕು. ಅಂಗೈಗಿಂತ ದೊಡ್ಡ, ಕಪ್ಪಗಿನ, ತೆಳ್ಳಗಿನ ಚೌಕ. ಒಂದು ಪಕ್ಕದಲ್ಲಿ ಇಲಿ ಕಡಿದ ಹಾಗೆ ಚಿಕ್ಕ ಕಚ್ಚು. ಕಚ್ಚು ತೆರೆದಿದ್ದರೆ ಮಿಷನ್ ಅದರೊಳಗೆ ಏನು ಬೇಕಾದರೂ ಬರೆಯಬಹುದು. ಮುಚ್ಚಿದ್ದರೆ ಓದಬಹುದು ಅಷ್ಟೆ. ಮುಚ್ಚಲು ಫ್ಲಾಪಿಯ ಡಬ್ಬಿಯಲ್ಲೇ ಕಪ್ಪು ಸ್ಟಿಕ್ಕರ್ ಬರುತ್ತಿದ್ದವು. ಅವು ಮುಗಿದ ಮೇಲೆ ಈ ಹುಡುಗಿ ತನ್ನ ಟಿಕ್ಲಿಯ ಪಟ್ಟಿಯಿಂದ ಒಂದೊಂದು ಕಿತ್ತು ಕಚ್ಚಿನ ಮೇಲೆ ಮಡಚಿ ಒತ್ತಿದ್ದಳು. ಒಂದು ಶಾಲೆಯ ಅಳತೆ ಪೂರ್ತಿಯಾಯಿತು ಎಂದರೆ ಆ ಫ್ಲಾಪಿಗೆ ಒಂದು ಟಿಕ್ಲಿ.

ಹಿಂದಿನ ತಿಂಗಳು ಹೋದಾಗ ಅದು ನನ್ನ ಕಣ್ಣಿಗೆ ಬಿದ್ದಿತ್ತು. ನನಗೆ ಸಿಟ್ಟು ಬಂತು. ಮಖಮಲ್ಲಿನ ಧೂಳು, ಅಂಟು, ಎಲ್ಲ ಮಿಷನ್ನಿನ ಬಾಯೊಳಗೆ ಹೋಗುತ್ತದೆ ಎಂದು ಧಣಿಗಳ ಎದುರೇ ಭಾಷಣ ಮಾಡಿ, ಮೇಜಿನ ಮೇಲಿದ್ದ ನಾಲ್ಕು ಫ್ಲಾಪಿಗಳ ಟಿಕ್ಲಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದೆ.

"ಸರ್, ತೆಗಿಬ್ಯಾಡ್ರಿ ನಾ," ಅಂದಳು. "ನಾ ಜಾನ್‌ಬೂಝ್‌ಕೆ ಹಚ್ಚೀನಿ. ಅದು ಬಂದ್ ಇರಲಿ."

ಬೇಕೆಂದೇ ಹಚ್ಚಿದ್ದೇನೆ, ಮುಚ್ಚಿಕೊಂಡೇ ಇರಲಿ ಎಂದು ಅವಳು ಹೇಳಿದ್ದು. ಧಣಿಗಳ ಕಡೆ ತಿರುಗಿ, "ಕಪಾಟಿನಲ್ಲಿರೋ ಉಳಿದ ಎಂಟಕ್ಕೂ ತೆಗೆಸಿಬಿಡಿ" ಎಂದೆ. ನನ್ನ ತಪಾಸಣೆಯ ಫ್ಲಾಪಿಯನ್ನು ಹಾಕಿ ಮಿಷನ್ ಶುರುಮಾಡಿ ನೋಡಿ, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಹೊರಟೆ.

ಈಗ ನೋಡಿದರೆ ಚುಕ್ಕೆ ಕುಣಿಯುತ್ತಿದೆ. ಎರಡು ಶಾಲೆಗಳ ಫ್ಲಾಪಿ ತೆರೆಯುತ್ತಲೇ ಇಲ್ಲ. ಇದು ವೈರಸ್ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಆ ವರ್ಷ ಮುಂಬಯಿಯ ಆಫೀಸುಗಳಲ್ಲಿ ಎಲ್ಲೆಲ್ಲೂ ಅದೇ ಮಾತು. ಯಾವುದೋ ಫ್ಲಾಪಿಯ ಬೆನ್ನೇರಿ ಬರುತ್ತದೆ, ಮಿಷನ್ನಿನಲ್ಲಿ ಮನೆ ಮಾಡುತ್ತದೆ, ಆಮೇಲೆ ಆ ಮಿಷನ್ನಿಗೆ ಹಾಕಿದ ಫ್ಲಾಪಿಗಳಿಗೆಲ್ಲ ಹತ್ತುತ್ತದೆ. ಧಣಿಗಳಿಗೆ ಇಷ್ಟು ವಿವರಿಸಿ, ನಮ್ಮ ಯಜಮಾನರು ಕಲಿಸಿದ ಪ್ರಶ್ನೆ ಕೇಳಿದೆ.

"ಹೊರಗಿನ ಫ್ಲಾಪಿ ಯಾರು ತಂದದ್ದು?"

ಧಣಿಗಳು ಹುಡುಗಿಯನ್ನು ನೋಡಿದರು. ಅವಳು ಸಂಜೆ ಹೊತ್ತು ಭಾಂಡುಪಿನ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಕ್ಲಾಸೆಂದರೆ ಆಟದ ಫ್ಲಾಪಿ ಕೈಯಿಂದ ಕೈಗೆ ಓಡಾಡುವ ಜಾಗ.

"ಗೇಮ್ ಆಡಲು ತಂದಿದ್ದೀಯಾ ತಂಗೀ? ತಂದಿದ್ದರೆ ಹೇಳಿಬಿಡು," ಅಂದರು.

"ಇಲ್ರೀ ಸೇಠ್‌ಜಿ. ತಾಯಾಣೆ."

"ಹಾಗಾದರೆ ಇದೇನು ಆಕಾಶದಿಂದ ಬಿತ್ತಾ?"

ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿರಲಿಲ್ಲ, ತುಂಬಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಾಹರ್‌ನಿಂದ ಫ್ಲಾಪಿ ತರೋದು ನೀವೊಬ್ರೇ ಅಲ್ಲೇನ್ರೀ ಸರ್?"

ಧಣಿಗಳು ಜೋರಾಗಿ ನಕ್ಕರು. "ಅಯ್ಯೋ, ಬಾಯಿ ನೋಡಿ ಇವಳದ್ದು! ಡಾಕ್ಟರಿಗೇ ಜ್ವರ ಅಂತಾಳೆ." ನಾನೂ ನಕ್ಕೆ. ನನ್ನ ನಗು ತುಸು ಹೆಚ್ಚೇ ಗಟ್ಟಿಯಾಗಿತ್ತೆಂದು ಈಗ ಅನ್ನಿಸುತ್ತದೆ. ಹನ್ನೆರಡೂ ಫ್ಲಾಪಿಗಳನ್ನು ಚೀಲಕ್ಕೆ ಹಾಕಿಕೊಂಡು, ಆಫೀಸಿಗೆ ಒಯ್ದು ಪರೀಕ್ಷಿಸಿ ಹೇಳುತ್ತೇನೆಂದೆ. ಬಾಗಿಲು ದಾಟುವಾಗ ಧಣಿಗಳು ಹುಡುಗಿಗೆ ಹೇಳಿದ ಮಾತು ಕಿವಿಗೆ ಬಿತ್ತು. "ನಾಳೆಯಿಂದ ಬರುವುದು ಬೇಡ ಮಗಾ. ಬೇಕಾದರೆ ಹೇಳಿ ಕಳಿಸ್ತೇನೆ."

ತಿರುಗಿ ನೋಡದೆ ಮೆಟ್ಟಿಲಿಳಿದೆ.

ಮಧ್ಯಾಹ್ನ ವಿಲೆ ಪಾರ್ಲೆಯಲ್ಲಿ, ಶುದ್ಧವಾದ ಒಂದು ಮಿಷನ್ನಿನಲ್ಲಿ ಫ್ಲಾಪಿಗಳನ್ನು ಒಂದೊಂದಾಗಿ ನೋಡತೊಡಗಿದೆ. ಮೊದಲು ಕೈಗೆ ಬಂದದ್ದು ಟಿಕ್ಲಿ ಇದ್ದದ್ದು. ಹುಡುಗಿ ನನ್ನ ಮಾತನ್ನು ಕೇಳಿರಲಿಲ್ಲ; ಕಪಾಟಿನ ಎಂಟೂ ಟಿಕ್ಲಿ ಹಾಗೇ ಇದ್ದವು. ನೋಡಿದೆ, ಶುದ್ಧ. ಎರಡನೆಯದೂ ಶುದ್ಧ. ಎಂಟೂ ಶುದ್ಧ. ಉಳಿದ ನಾಲ್ಕರ ಕಚ್ಚಿನ ಸುತ್ತ ಅಂಟಿನ ಕಲೆ ಇನ್ನೂ ಇತ್ತು, ನನ್ನ ಉಗುರಿನ ಗೀರೂ ಇತ್ತು. ಆ ನಾಲ್ಕಕ್ಕೂ ರೋಗ.

ಆಮೇಲೆ ನನ್ನ ತಪಾಸಣೆಯ ಫ್ಲಾಪಿಯನ್ನು ಡಬ್ಬಿಯಿಂದ ತೆಗೆದೆ. ಅದರ ಕಚ್ಚು ತೆರೆದೇ ಇತ್ತು. ಹೋದ ಹೋದ ಕಡೆಯ ವರದಿಯನ್ನು ಅದರಲ್ಲೇ ಬರೆದಿಡುವುದು ನನ್ನ ರೂಢಿ. ಅದನ್ನೂ ನೋಡಿದೆ.

ಅದೇ ರೋಗ. ಯಾವುದೋ ಆಫೀಸಿನಿಂದ ಹತ್ತಿಸಿಕೊಂಡು, ಆ ತಿಂಗಳು ಹೋದ ಕಡೆಗೆಲ್ಲ ನಾನೇ ಹಂಚಿಕೊಂಡು ಬಂದಿದ್ದೆ. ಯಾರೂ ಕರೆಯದೆ.

ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನೋಡಪ್ಪ, ಮಿಷನ್ ಕ್ಲೀನ್ ಮಾಡ್ಕೊಟ್ಟು ಬಾ. ಎಲ್ಲಿಂದ ಬಂತು ಅಂತ ಅವರಿಗೆ ಯಾಕೆ? ಕಾಂಟ್ರಾಕ್ಟ್ ಹೋಗತ್ತೆ."

"ಒಂದು ಹುಡುಗಿ ಕೆಲಸ ಹೋಗಿದೆ ಸಾರ್."

"ಅದು ಅವರ ಮನೆ ವಿಷಯ ಕಣಯ್ಯ."

ಮರುದಿನ ಗ್ರಾಂಟ್ ರೋಡಿನಲ್ಲಿ ಇಳಿದೆ. ಲೋಕಲ್‌ನಲ್ಲಿ ನಿಂತಷ್ಟು ಹೊತ್ತೂ ಮಾತು ಜೋಡಿಸುತ್ತಿದ್ದೆ. 'ಬಹುಶಃ', 'ಇರಬಹುದು' ಎಲ್ಲ ಸೇರಿಸಿ ಮೆತ್ತಗೆ ಮಾಡಿಕೊಂಡಿದ್ದೆ. ಕೋಣೆಯಲ್ಲಿ ಕುರ್ಚಿ ಖಾಲಿ ಇತ್ತು. ಮೇಜಿನ ಡ್ರಾಯರಿನ ಬಾಯಲ್ಲಿ ಅರ್ಧ ಖಾಲಿಯಾದ ಟಿಕ್ಲಿಯ ಪಟ್ಟಿ ಹಾಗೇ ಬಿದ್ದಿತ್ತು. ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

"ಧಣಿಗಳೇ, ತಂದದ್ದು ನಾನು."

"ಎಂತದ್ದು?"

"ವೈರಸ್. ನನ್ನ ಫ್ಲಾಪಿಯಿಂದ ಬಂದದ್ದು. ಟಿಕ್ಲಿ ಇದ್ದದ್ದೆಲ್ಲ ಉಳಿದಿದೆ. ನಾನು ಕಿತ್ತದ್ದು ಮಾತ್ರ ಹಾಳಾಗಿದೆ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮೊದಲ ದಿನ ಬಾಗಿಲಲ್ಲಿ ನೋಡಿದ ಅದೇ ನೋಟ. ಬೈಯುತ್ತಾರೆಂದುಕೊಂಡೆ. ಅವರ ಮುಖದಲ್ಲಿ ಬಂದದ್ದು ಒಂದು ಥರದ ಸಮಾಧಾನ.

"ನಾನು ಮೊದಲೇ ಹೇಳಿರಲಿಲ್ವಾ? ಸರಿ ಇರುವಾಗ ಬರುವವನ ಮೇಲೆ ಒಂದು ಕಣ್ಣು ಇಡಬೇಕು ಅಂತ. ಆದರೆ ನಾನು ಕಣ್ಣಿಟ್ಟದ್ದು ನಿಮ್ಮ ಸ್ಕ್ರೂಡ್ರೈವರ್ ಮೇಲೆ ಮಾರಾಯ್ರೆ!" ಒಂದು ನಂಬರು ತಿರುಗಿಸಿ ಫೋನನ್ನು ನನ್ನ ಕಡೆ ತಳ್ಳಿದರು. "ಅವಳಿಗೆ ನೀವೇ ಹೇಳಿ. ನನಗೆ ಬಾಯಿಲ್ಲ."

ಚಾಳಿನಲ್ಲಿ ಅವಳ ಪಕ್ಕದ ಮನೆಯ ನಂಬರು ಅದು. ಯಾರೋ ಮರಾಠಿಯಲ್ಲಿ 'ಥಾಂಬಾ', ತಡೀರಿ, ಎಂದು ರಿಸೀವರನ್ನು ಕೆಳಗಿಟ್ಟು ಹೋದರು. ನಲ್ಲಿಯ ನೀರಿನ ಸದ್ದು, ಪ್ರೆಷರ್ ಕುಕ್ಕರಿನ ಸೀಟಿ, ಬಹಳ ಹೊತ್ತಿನ ಮೇಲೆ ಚಪ್ಪಲಿಯ ಸದ್ದು. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

"ಆಠೋ ಚಲೋ ಅದಾವೇನ್ರಿ?" ಎಂಟೂ ಚೆನ್ನಾಗಿವೆಯೇ ಎಂದು ಕೇಳಿದಳು.

"ಎಂಟೂ ಚೆನ್ನಾಗಿವೆ."

"ಔರ್ ಬಾಕಿ ಚಾರ್?"

"ಎರಡು ಹೋದವು. ಇನ್ನೆರಡು ಉಳಿಸಿದೆ."

"ನಾಳೆ ಬರ್ತೀನಿ, ಸೇಠ್‌ಜಿಗೆ ಹೇಳ್ರಿ" ಎಂದು ಇಟ್ಟುಬಿಟ್ಟಳು. ಕ್ಷಮೆ ಕೇಳಲು ನಾನು ತೆರೆದ ಬಾಯಿ ತೆರೆದೇ ಇತ್ತು.

ಹೋದ ಎರಡು ಶಾಲೆಗಳ ಮಕ್ಕಳನ್ನು ಮತ್ತೆ ಅಳೆಯಬೇಕಾಯಿತು. ಎರಡು ಶನಿವಾರ ನಾನೂ ಜೊತೆಗೆ ಹೋದೆ. ಹುಡುಗಿ ಟೇಪು ಹಿಡಿದು "ಚೆಸ್ಟ್ ಛಬ್ಬೀಸ್, ಸೊಂಟ ಬಾವೀಸ್" ಎಂದು ಕೂಗುವುದು, ನಾನು ಶಾಲೆಯ ವರಾಂಡದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆಯುವುದು. ಪ್ರತಿ ಹತ್ತು ಮಕ್ಕಳಿಗೊಮ್ಮೆ ಅವಳು ಬಂದು ನಾನು ಬರೆದದ್ದನ್ನು ಬೆರಳಿಟ್ಟು ಓದಿ ಹೋಗುತ್ತಿದ್ದಳು. ನಡುವೆ ಬೇರೆ ಆಫೀಸುಗಳಿಗೂ ಹೋಗಿ, ನಾನು ಹಂಚಿದ್ದನ್ನೆಲ್ಲ ತೊಳೆದು ಬಂದೆ. ಒಂದು ಕಡೆ ಕಾಂಟ್ರಾಕ್ಟ್ ಹೋಯಿತು. ಕಾಗದದ ವ್ಯಾಪಾರಿ ಸ್ಕ್ರೂಗಳ ಜೊತೆ ನನ್ನ ಫ್ಲಾಪಿಗಳನ್ನೂ ಎಣಿಸತೊಡಗಿದರು.

ಮುಂದಿನ ತಿಂಗಳ ಮೊದಲ ವಾರ ಎಂದಿನಂತೆ ಗ್ರಾಂಟ್ ರೋಡಿಗೆ ಹೋದೆ. ಚಪ್ಪಲಿ ಬಿಟ್ಟು ಗಾಜಿನ ಬಾಗಿಲು ತಳ್ಳಿದೆ. ಹುಡುಗಿ ಕೂತಲ್ಲಿಂದಲೇ ಕೈ ಚಾಚಿದಳು. ನನ್ನ ಫ್ಲಾಪಿಯ ಡಬ್ಬಿ ಕೊಟ್ಟೆ. ಅವಳು ಒಂದೊಂದನ್ನೇ ಹೊರತೆಗೆದು, ಕಚ್ಚು ತೆರೆದಿದ್ದಕ್ಕೆಲ್ಲ ಟಿಕ್ಲಿ ಮಡಚಿ ಒತ್ತಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಡಬ್ಬಿಗೆ ಹಾಕಿದಳು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ನಾನು ಕೂರಲೆಂದು ಕುರ್ಚಿ ಬಿಟ್ಟು ಎದ್ದಳು.