ನಾನೆತ್ತಿದ ಬೆರಳು

ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಆಗ ಬೇರೆ ಅಂಪೈರ್ ಇರುತ್ತಿರಲಿಲ್ಲ. ಬ್ಯಾಟಿಂಗ್ ಮಾಡುವ ತಂಡದ ಇಬ್ಬರೇ ಹೋಗಿ ನಿಲ್ಲಬೇಕು, ತಮ್ಮವನನ್ನು ತಾವೇ ಔಟ್ ಕೊಡಬೇಕು. ದೇವರಂಥ ಮನುಷ್ಯರಿಗೆಂದು ಮಾಡಿದ ಪದ್ಧತಿ, ನಡೆಸುತ್ತಿದ್ದವರು ನಾವು.

ಬೈಲಹೊಂಗಲದ ನಮ್ಮ ಕ್ಲಬ್ಬಿಗೆ ಶಿಸ್ತಿನ ಹುಚ್ಚು ಹಿಡಿಸಿದವನು ನಮ್ಮ ಕ್ಯಾಪ್ಟನ್. ನನಗಿಂತ ನಾಲ್ಕು ವರ್ಷ ದೊಡ್ಡವನು, ಬಾಯಿ ತುಂಬ ಅಣ್ಣಾ ಎನ್ನುತ್ತಿದ್ದೆ. ಅಂಪೈರ್ ಜೊತೆ ವಾದಿಸಿದವನು ಮುಂದಿನ ಮ್ಯಾಚಿಗೆ ಹೊರಗೆ ಕೂರಬೇಕೆಂದು ನಿಯಮ ಮಾಡಿದವನೂ ಅವನೇ. ರಾಮದುರ್ಗದಲ್ಲಿ ಎಲ್‌ಬಿಡಬ್ಲ್ಯು ಕೊಟ್ಟಾಗ ತಲೆ ಅಲ್ಲಾಡಿಸಿದೆನೆಂದು ನಾನೂ ಒಮ್ಮೆ ಕೂತಿದ್ದೆ. ಬೇಜಾರಾಗಿರಲಿಲ್ಲ, ಇಂಥ ಕ್ಯಾಪ್ಟನ್ ಸಿಕ್ಕನಲ್ಲ ಎಂದು ಹೆಮ್ಮೆಯೇ ಆಗಿತ್ತು. ಎಂಥ ಮೂರ್ಖ ನಾನು.

ತೊಂಬತ್ತರ ದಶಕದ ಕೊನೆಗೆ ಸವದತ್ತಿಯಲ್ಲಿ ಫೈನಲ್, ಎದುರಿಗೆ ನೇಸರಗಿಯ ತಂಡ. ನಾನು ಬೇಗ ಔಟಾಗಿ ಬಂದು, ಪ್ಯಾಡ್ ಬಿಚ್ಚಿ, ಅಂಪೈರ್ ಆಗಿ ನಿಂತಿದ್ದೆ. ಗೆಲ್ಲಲು ಒಂಬತ್ತು ರನ್ ಬೇಕು, ಕ್ಯಾಪ್ಟನ್ ಆಡುತ್ತಿದ್ದ. ಚೆಂಡು ಅವನ ಬ್ಯಾಟಿನ ಅಂಚಿಗೆ ತಾಗಿ ಕೀಪರನ ಕೈ ಸೇರಿತು. ಸಪ್ಪಳ ಪೆಂಡಾಲಿನವರೆಗೂ ಕೇಳಿರಬೇಕು. ಕ್ಯಾಪ್ಟನ್ ಕದಲಲಿಲ್ಲ, ಪಿಚ್ಚಿಗೆ ಹಾಸಿದ ಮ್ಯಾಟಿನ ಮೊಳೆ ನೋಡುವವನಂತೆ ಬಗ್ಗಿ ನಿಂತ. ಬೌಲರ್ ಕೂಗಾಡಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ, "ನಿಮಗೂ ಕೇಳಿಸ್ತಲ್ರೀ?" ಎಂದ.

ಕೇಳಿಸಿತ್ತು. ಬೆರಳೆತ್ತಿದೆ.

ಕ್ಯಾಪ್ಟನ್ ನನ್ನ ಹತ್ತಿರವೇ ಬಂದ. "ಕೈ ಇಳಸಲೇ. ಯಾರ ಟೀಮಿನಾವ ಅದಿ ನೀ?"

ಇಳಿಸಲಿಲ್ಲ. ಅವನು ಬ್ಯಾಟಿನಿಂದ ಸ್ಟಂಪ್ ಉರುಳಿಸಿ ಹೋದ. ನಾಲ್ಕು ರನ್ನಿನಿಂದ ಸೋತೆವು.

ವಾಪಸ್ ಬರುವಾಗ ಟೆಂಪೋದಲ್ಲಿ ನನ್ನ ಪಕ್ಕ ಯಾರೂ ಕೂಡಲಿಲ್ಲ. ಮರುವಾರ, ಕ್ಲಬ್ಬಿನ ಶಿಸ್ತು ಮುರಿದೆನೆಂದು ನನ್ನನ್ನೇ ಹೊರಗೆ ಕೂರಿಸಿದರು. ಅಂಪೈರ್ ಜೊತೆ ಜಗಳಕ್ಕೆ ನಿಂತವನು ಎಂದಿನಂತೆ ಟಾಸಿಗೆ ಹೋದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಒಂದೇ ಮ್ಯಾಚಿಗೆ ಎಂದಿದ್ದರು, ಮತ್ತೆ ಕರೆಯಲೇ ಇಲ್ಲ. ಎಷ್ಟೋ ಭಾನುವಾರ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕಿಟ್ಟು ಕಾದಿದ್ದೇನೆ. ಆ ಇಸ್ತ್ರಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಹತ್ತು ವರ್ಷದ ಮೇಲೆ ಕಿತ್ತೂರಿನಲ್ಲೊಂದು ಟೂರ್ನಮೆಂಟಿನ ಬಹುಮಾನ ಸಮಾರಂಭಕ್ಕೆ ಹಳೆಯ ಆಟಗಾರರನ್ನೆಲ್ಲ ಕರೆದಿದ್ದರು. ಮುಖ್ಯ ಅತಿಥಿ ಅವನೇ. ಹುಡುಗರಿಗೆ ಕ್ರೀಡಾಮನೋಭಾವದ ಬಗ್ಗೆ ಹೇಳುತ್ತ ಸವದತ್ತಿಯ ಫೈನಲ್ಲಿಗೆ ಬಂದ.

"ಬಾಲ್ ತಾಗಿದ್ದು ನನಗೊಬ್ಬಾವಗ ಗೊತ್ತಿತ್ತು. ಅಂಪೈರ್ ನಮ್ಮ ಹುಡುಗನ ಇದ್ದ, ಪಾಪ, ಅವಗ ಕೇಳಿಸಿದ್ದಿಲ್ಲ. ನಾನಾಗೇ ಹೊಂಟ ಬಂದೆ."

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಅವನ ಕಣ್ಣು ನನ್ನ ಮೇಲೆ ಬಿದ್ದು, ಗುರುತು ಹಿಡಿದು, ಅಲ್ಲೇ ನಿಂತಿತು. ಅಕ್ಕಪಕ್ಕದವರೆಲ್ಲ ತಟ್ಟುತ್ತಿದ್ದರು. ನಾನೂ ತಟ್ಟಿದೆ.